ಚಾರ್ಮಿನಾರ್‌ನಿಂದ ಪಾತಾಳಕ್ಕೆ

ಹೈದರಾಬಾದು ಬಂಡೆಗಳ ಊರು. ಸಮುದ್ರ ಮಟ್ಟದಿಂದ ಸುಮಾರು 540 ಮೀಟರ್ ಎತ್ತರ. ಬಂಗಾಳ ಕೊಲ್ಲಿಯ ಹತ್ತಿರದ ದಂಡೆ ಮುಟ್ಟಬೇಕೆಂದರೂ ಸುಮಾರು 300 ಕಿಲೋಮೀಟರ್ ಹೋಗಬೇಕು. ಆದರೆ ಹಿಂದೂ ಮಹಾಸಾಗರದ ದಿನಚರಿ ಬರೆದಿಡುವ ಕಚೇರಿ ಇರುವುದು ಇಲ್ಲಿಯೇ, ಊರಿನ ವಾಯವ್ಯ ಅಂಚಿನ ಪ್ರಗತಿನಗರದಲ್ಲಿ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಎಂಬುದು ಕಾಗದದ ಮೇಲಿನ ಹೆಸರು, ಬಳಕೆಯಲ್ಲಿ ಇನ್‌ಕಾಯಿಸ್. ಅದರ ವಿಳಾಸದಲ್ಲೇ ‘ಓಷನ್ ವ್ಯಾಲಿ’ ಎಂದಿದೆ.

“ಸಮಂದರ್ ಕಾ ದಫ್ತರ್? ಯಹಾಂ ಸಮಂದರ್ ಕಹಾಂ, ಸಾಬ್?” ಎಂದು ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ. ಕೂಕಟ್‌ಪಲ್ಲಿಯಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು ಜೊತೆಗಿದ್ದಳು. ಕಲಬುರಗಿಯಲ್ಲಿ ಬೆಳೆದ ಹುಡುಗಿ. ಅವಳಿಗೂ ನಗು. “ಮಾಮಾ, ಇಷ್ಟು ದಿನ ಇಲ್ಲೇ ಬಾಜೂಕ ಇದ್ದೀನಿ. ಇಂಥಾದ್ದೊಂದು ಅದ ಅಂತ ನನಗ ಗೊತ್ತೇ ಇರ್ಲಿಲ್ಲ ನೋಡ್ರಿ.”

ನನ್ನನ್ನು ಇಲ್ಲಿಗೆ ಎಳೆತಂದದ್ದು ಒಂದು ಹಳೆಯ ಸುಳ್ಳು. 2004ರ ಡಿಸೆಂಬರ್ 26ರ ಸುನಾಮಿಯಾದ ಸ್ವಲ್ಪ ದಿನಕ್ಕೆ ಇ-ಮೇಲ್‌ಗಳಲ್ಲಿ ಕೆಲವು ಫೋಟೋಗಳು ಊರೂರು ಸುತ್ತಿದವು. ಸೂಜಿಯಂಥ ಹಲ್ಲುಗಳ, ಲೋಳೆಮೈಯ, ಕಣ್ಣು ಎಲ್ಲಿದೆಯೆಂದು ಹುಡುಕಬೇಕಾದ ಮೀನುಗಳು. ಸುನಾಮಿ ಇವನ್ನೆಲ್ಲ ಸಮುದ್ರದ ತಳದಿಂದ ಬಾಚಿ ದಡಕ್ಕೆ ಎಸೆದಿದೆ ಎಂಬ ಒಕ್ಕಣೆ ಬೇರೆ. ಫೋಟೋಗಳೇನೋ ಅಸಲಿ, ಕಥೆ ನಕಲಿ. ಅವು 2003ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ವಿಜ್ಞಾನಿಗಳು ಟಾಸ್ಮನ್ ಸಮುದ್ರದಲ್ಲಿ ನಡೆಸಿದ ನಾರ್ಫಾನ್ಜ್ ಸಂಶೋಧನಾ ಯಾನದ ಚಿತ್ರಗಳು. ‘ಜಗತ್ತಿನ ಅತಿ ಕುರೂಪಿ ಪ್ರಾಣಿ’ ಎಂದು ಆಮೇಲೆ ಹೆಸರಾದ ಬ್ಲಾಬ್‌ಫಿಶ್‌ನ ಫೋಟೋ ತೆಗೆದದ್ದೂ ಅದೇ ಯಾನದಲ್ಲಿ. ಜೋತುಬಿದ್ದ ಮೂಗಿನ ಆ ಮುಖ ಅದರ ನಿಜವಾದ ಮುಖವೇ ಅಲ್ಲ. ತನ್ನ ಆಳದ ಒತ್ತಡದಲ್ಲಿ ಅದೂ ಒಂದು ಲಕ್ಷಣವಾದ ಮೀನು. ಮೇಲಕ್ಕೆ ಎಳೆದುತಂದಾಗ ಮೈ ಕುಸಿದು ಹಾಗಾಗುತ್ತದೆ. ಅದೇ ಸುನಾಮಿಯ ಪಾಠದಿಂದ ಇನ್‌ಕಾಯಿಸ್‌ನಲ್ಲಿ 2007ರ ಅಕ್ಟೋಬರ್‌ನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಹಾಗಾದರೆ ಆ ಆಳದಲ್ಲಿ ನಿಜಕ್ಕೂ ಯಾರ್‍ಯಾರಿದ್ದಾರೆ, ಕಡಲಿಲ್ಲದ ಈ ಊರಿಗೆ ಅವರ ಸುದ್ದಿ ಹೇಗೆ ತಲುಪುತ್ತದೆ ಎಂಬುದು ನನ್ನ ಕುತೂಹಲ.

ಅನುಮತಿ ಪಡೆದು ಒಳಗೆ ಹೋದಾಗ ಮೊದಲು ಕಂಡದ್ದು ಆಕಾಶಕ್ಕೆ ಮುಖ ಮಾಡಿದ ದೊಡ್ಡ ದೊಡ್ಡ ಡಿಶ್ ಆಂಟೆನಾಗಳು. ಎಚ್ಚರಿಕೆ ಕೇಂದ್ರದಲ್ಲಿ ಗೋಡೆ ತುಂಬ ಪರದೆಗಳು, ಹಗಲು ರಾತ್ರಿ ಪಾಳಿಯ ಮೇಲೆ ಕೂರುವ ಜನ. ನಾನು ನೋಡಿದ ಪರದೆಗಳಲ್ಲಿ ಮೀನಿಲ್ಲ, ಅಲೆಯಿಲ್ಲ. ಅಂಕಿ ಮತ್ತು ಗೆರೆ. ಸಮುದ್ರದ ತಳದಲ್ಲಿ, ಮೂರು ನಾಲ್ಕು ಕಿಲೋಮೀಟರ್ ನೀರಿನ ಕೆಳಗೆ ಕೂತ ಒತ್ತಡ ಮಾಪಕಗಳು ಮೇಲಿನ ನೀರಿನ ಮಟ್ಟ ಒಂದೆರಡು ಸೆಂಟಿಮೀಟರ್ ಏರಿದರೂ ಗುರುತು ಹಿಡಿಯುತ್ತವೆ. ಮಲ್ಪೆ, ಮಂಗಳೂರು, ಕಾರವಾರದ ದೋಣಿಗಳಿಗೆ ಮೀನು ಎಲ್ಲಿ ಸಿಕ್ಕೀತು ಎಂಬ ಮುನ್ಸೂಚನೆ ಕನ್ನಡದಲ್ಲಿ ಹೊರಡುವುದೂ ಇಲ್ಲಿಂದಲೇ.

ಈ ಕಚೇರಿಗೆ ಸುದ್ದಿ ತರುವ ದೂತರಲ್ಲಿ ನನಗೆ ತುಂಬ ಹಿಡಿಸಿದ್ದು ಆರ್ಗೋ ಫ್ಲೋಟ್. ಆಂಟೆನಾ ಸೇರಿದರೆ ಆಳೆತ್ತರದ ಒಂದು ಕೊಳವೆ. ಹೊಟ್ಟೆಯೊಳಗೆ ಸ್ವಲ್ಪ ಎಣ್ಣೆ, ಅಡಿಯಲ್ಲಿ ಒಂದು ರಬ್ಬರ್ ಚೀಲ. ಎಣ್ಣೆ ಚೀಲಕ್ಕೆ ಬಂದರೆ ಗಾತ್ರ ಹಿಗ್ಗಿ ಕೊಳವೆ ಮೇಲೇರುತ್ತದೆ. ಎಣ್ಣೆಯನ್ನು ಒಳಗೆಳೆದುಕೊಂಡರೆ ಮುಳುಗುತ್ತದೆ. ಇಂಜಿನ್ನಿಲ್ಲ, ರೆಕ್ಕೆಯಿಲ್ಲ. 1,000 ಮೀಟರ್ ಆಳದಲ್ಲಿ ಪ್ರವಾಹ ಒಯ್ದ ಕಡೆ ತೇಲಿ, ಹತ್ತು ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿದು, ಅಲ್ಲಿಂದ ಉಷ್ಣಾಂಶ ಮತ್ತು ಉಪ್ಪಿನಂಶ ಅಳೆಯುತ್ತ ಮೇಲೆ ಬಂದು, ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಜಗತ್ತಿನ ಸಮುದ್ರಗಳಲ್ಲಿ ಇಂಥವು ಸುಮಾರು 4,000. ಹಿಂದೂ ಮಹಾಸಾಗರದ ಫ್ಲೋಟ್‌ಗಳ ಲೆಕ್ಕವನ್ನು ಒಟ್ಟುಗೂಡಿಸುವ ಪ್ರಾದೇಶಿಕ ಕೇಂದ್ರ ಇದು.

“ಎರಡು ಸಾವಿರ ಮೀಟರ್ ಅಂದ್ರ ಎಷ್ಟ್ ಆಳ ಆಯ್ತ್ರಿ ಮಾಮಾ? ಅಂದಾಜೇ ಸಿಗವಲ್ದು” ಎಂದಳು ಹುಡುಗಿ. ಅವಳ ಮೊಬೈಲಿನ ನಕ್ಷೆಯ ಮೇಲೆ ಚಾರ್ಮಿನಾರ್‌ನಿಂದ ಸಿಕಂದರಾಬಾದ್ ರೈಲ್ವೆ ಸ್ಟೇಷನ್ನಿಗೆ ನೇರ ಗೆರೆ ಎಳೆದೆವು. ಸುಮಾರು ಎಂಟೂವರೆ ಕಿಲೋಮೀಟರ್. ಮನುಷ್ಯನ ಕ್ಯಾಮರಾ ಈವರೆಗೆ ಕಂಡಿರುವ ಅತಿ ಆಳದ ಮೀನು ಇರುವುದು 8,336 ಮೀಟರಿನಲ್ಲಿ. ಚಾರ್ಮಿನಾರ್ ಸಮುದ್ರದ ಮೇಲ್ಮೈ ಎಂದುಕೊಂಡರೆ ಸಿಕಂದರಾಬಾದ್ ಮೀನಿನ ಲೋಕದ ತಳ. “ಅಂದ್ರ ನಾವು ನಡಕೋತ ಪಾತಾಳಕ್ಕ ಹೋಗೂದೇನ್ರಿ?” ಎಂದು ಅವಳು ಕೇಳಿದಳು. ಮರುದಿನ ಬೆಳಿಗ್ಗೆ ಹೊರಟೇಬಿಟ್ಟೆವು.

1591ರ ಚಾರ್ಮಿನಾರ್ ಎದುರು ಇರಾನಿ ಚಹಾ ಕುಡಿದು ಲಾಡ್ ಬಜಾರಿಗೆ ಕಾಲಿಟ್ಟರೆ ಬಳೆಗಳ ಬೆಳಕು ಕಣ್ಣು ಕುಕ್ಕುತ್ತದೆ. ಒಬ್ಬ ಕುಶಲಕರ್ಮಿ ಅರಗಿನ ಬಳೆಯನ್ನು ಕೆಂಡದ ಬಿಸಿಗೆ ಹಿಡಿದು, ಮೆತ್ತಗಾದ ಕೂಡಲೇ ಚಿಮಟದ ತುದಿಯಿಂದ ಗಾಜಿನ ಹರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದ. ರಕ್ತಗೆಂಪು ಬಳೆ. ಇಡೀ ಬೀದಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಬಣ್ಣ ಅದೇ. ಸಮುದ್ರದಲ್ಲಿ ಮೊದಲು ಸಾಯುವ ಬಣ್ಣವೂ ಅದೇ. ನೀರು ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ಮೊದಲ ಕೆಲವು ಹತ್ತು ಮೀಟರುಗಳಲ್ಲೇ ಹೀರಿಬಿಡುತ್ತದೆ. ಆಮೇಲೆ ಉಳಿಯುವುದು ನೀಲಿ. ಹಾಗಾಗಿ ಆ ನಸುಗತ್ತಲಲ್ಲಿ ಕೆಂಪು ಬಳೆ ಕಪ್ಪಾಗಿ ಕಾಣುತ್ತದೆ. ಆಳದ ಸಿಗಡಿಗಳು ಕೆಂಪಾಗಿರುವ ಗುಟ್ಟು ಇದೇ. ಅವುಗಳ ಪಾಲಿಗೆ ಕೆಂಪು ಸಿಂಗಾರದ ಬಣ್ಣವಲ್ಲ, ಮರೆಯಾಗುವ ಬಣ್ಣ.

ಕೇರಳದ ಕೊಲ್ಲಂ ಕಡೆ ಬಂದರಿಗೆ ಬರುವ ಅಂಥದೊಂದು ಕೆಂಪು ಸಿಗಡಿಯ ವೈಜ್ಞಾನಿಕ ಹೆಸರು ಅರಿಸ್ಟಿಯಸ್ ಆಲ್ಕಾಕಿ. ಆಲ್ಕಾಕ್ ಎಂದರೆ ಆಲ್‌ಫ್ರೆಡ್ ಆಲ್ಕಾಕ್. 1888ರಿಂದ 1892ರವರೆಗೆ ‘ಇನ್ವೆಸ್ಟಿಗೇಟರ್’ ಎಂಬ ಸರ್ವೇ ಹಡಗಿನಲ್ಲಿ ಡಾಕ್ಟರಾಗಿಯೂ ಜೀವಿಶಾಸ್ತ್ರಜ್ಞನಾಗಿಯೂ ಇದ್ದವನು. ಬಂಗಾಳ ಕೊಲ್ಲಿ, ಅಂಡಮಾನ್, ಲಕ್ಷದ್ವೀಪದ ಆಳಕ್ಕೆ ಬಲೆ ಇಳಿಬಿಟ್ಟು, ಬಂದದ್ದನ್ನೆಲ್ಲ ಹೆಸರಿಟ್ಟು ಜೋಡಿಸಿದ. ಭಾರತದ ಆಳಸಮುದ್ರದ ಜೀವಿಗಳ ಮೊದಲ ದೊಡ್ಡ ಪರಿಚಯ ಆದದ್ದು ಆ ಹಡಗಿನಿಂದ.

ಬಳೆ ಬಜಾರಿನಲ್ಲಿ ನಾವಿನ್ನೂ ಸ್ವಲ್ಪ ದೂರ ನಡೆದಿದ್ದೆವಷ್ಟೆ. 200 ಮೀಟರ್. ಇಲ್ಲಿಂದಾಚೆ ಬಿಸಿಲನ್ನು ನಂಬಿ ಯಾವ ಸಸ್ಯವೂ ಬೆಳೆಯದು. ಮಲ್ಪೆಯ ಬಂಗುಡೆ, ಬೂತಾಯಿ ಎಲ್ಲ ನಮ್ಮ ಬೆನ್ನ ಹಿಂದೆ ಉಳಿದವು. ಸಮುದ್ರ ಎಂದು ನಾವು ಕರೆಯುವುದರ ಬಹುಪಾಲು ಇನ್ನೂ ಶುರುವಾಗಬೇಕು.

ಪತ್ಥರ್‌ಗಟ್ಟಿಯ ಮುತ್ತಿನ ಅಂಗಡಿಗಳ ಸಾಲು ಹಿಡಿದು ಹೊರಟೆವು. ಸಮುದ್ರದ ಲೆಕ್ಕದಲ್ಲಿ ಇದು ಮುಚ್ಚಂಜೆಯ ಪಟ್ಟಿ. ಇಲ್ಲಿನ ಒಕ್ಕಲು ಲಾಂಟರ್ನ್ ಮೀನು, ಲಾಟೀನು ಮೀನು ಎನ್ನೋಣ. ಹೆಚ್ಚಿನವು ಗೇಣುದ್ದಕ್ಕಿಂತ ಚಿಕ್ಕವು, ಹೊಟ್ಟೆಯ ಕೆಳಗೆ ಸಾಲು ಸಾಲು ದೀಪ. ಕೆಳಗಿನಿಂದ ಬೇಟೆಗಾರ ತಲೆಯೆತ್ತಿ ನೋಡಿದರೆ ಮಂಕು ನೀಲಿ ಬೆಳಕಿನೆದುರು ಮೀನಿನ ನೆರಳು ಕಾಣಬೇಕಲ್ಲ? ಕಾಣದು. ಮೇಲಿಂದ ಬರುವ ಬೆಳಕಿನಷ್ಟೇ ಬೆಳಕನ್ನು ಹೊಟ್ಟೆಯಿಂದ ಸೂಸಿ ಅದು ತನ್ನ ನೆರಳನ್ನೇ ಅಳಿಸಿಹಾಕುತ್ತದೆ.

ಹೊತ್ತು ಮುಳುಗಿದರೆ ಇವು ಮೇವಿಗೆ ಹೊರಟ ಮಂದೆಯ ಹಾಗೆ ಮೇಲ್ಮೈಯತ್ತ ಏಳುತ್ತವೆ, ಬೆಳಕು ಹರಿಯುವ ಮೊದಲು ನೂರಾರು ಮೀಟರ್ ಕೆಳಗಿಳಿದು ಅಡಗುತ್ತವೆ. ಭೂಮಿಯ ಮೇಲಿನ ಅತಿ ದೊಡ್ಡ ವಲಸೆ ಇದು. ದಿನವೂ ನಡೆಯುತ್ತದೆ, ನಮಗೆ ಕಾಣುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿ ಹುಡುಕಲು ಸೋನಾರ್ ಶಬ್ದ ಬಿಟ್ಟವರಿಗೆ ನೂರಾರು ಮೀಟರ್ ಆಳದಲ್ಲೇ ‘ತಳ’ ಸಿಕ್ಕಿತು. ಸಂಜೆಯಾದರೆ ಮೇಲೇಳುವ, ಬೆಳಗಾದರೆ ಇಳಿಯುವ ತಳ! ಅದು ನೆಲವಾಗಿರಲಿಲ್ಲ, ಶಬ್ದವನ್ನು ಹಿಂದಕ್ಕಟ್ಟುವಷ್ಟು ದಟ್ಟವಾದ ಜೀವಿಗಳ ಪದರವಾಗಿತ್ತು.

ನಮ್ಮ ಅರಬ್ಬಿ ಸಮುದ್ರ ಲಾಟೀನು ಮೀನಿನ ದೊಡ್ಡ ಕಣಜಗಳಲ್ಲೊಂದು. ಅದರಲ್ಲೂ ಸೋಜಿಗವಿದೆ. ಅಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿನವರೆಗೆ ಆಮ್ಲಜನಕ ಇಲ್ಲವೇನೋ ಎನ್ನುವಷ್ಟು ಕಡಿಮೆಯಾದ ನೀರಿನ ಪದರವಿದೆ. ದೊಡ್ಡ ಮೀನುಗಳು ಉಸಿರುಗಟ್ಟುವ ಆ ನೀರಿಗೇ ಲಾಟೀನು ಮೀನು ಹಗಲು ಹೊತ್ತು ಇಳಿಯುತ್ತದೆ. ಉಸಿರು ಕಡಿಮೆ, ಶತ್ರುವೂ ಕಡಿಮೆ.

ಇಂಥದೇ ಉಸಿರಿಲ್ಲದ ನೀರಿನಲ್ಲಿ ಬದುಕು ಕಟ್ಟಿಕೊಂಡ ಇನ್ನೊಬ್ಬರು ವ್ಯಾಂಪೈರ್ ಸ್ಕ್ವಿಡ್. 1898–99ರಲ್ಲಿ ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳನ್ನು ಸುತ್ತಿದ ‘ವಾಲ್ಡಿವಿಯಾ’ ಎಂಬ ಜರ್ಮನ್ ಹಡಗಿನ ಮುಖ್ಯಸ್ಥ ಕಾರ್ಲ್ ಚುನ್ 1903ರಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥ ನರಕದ ರಕ್ತಪಿಶಾಚಿ. ತೋಳುಗಳ ನಡುವೆ ಕರಿಗೆಂಪು ಪರದೆ, ದೊಡ್ಡ ಕಣ್ಣು, ಹೆಸರಿಟ್ಟವನನ್ನು ದೂರುವಂತಿಲ್ಲ. ಆದರೆ ಆ ಬಡಪಾಯಿ ಯಾರ ರಕ್ತವನ್ನೂ ಕುಡಿಯುವುದಿಲ್ಲ. ಮೇಲಿನಿಂದ ಸದಾ ಉದುರುವ ಸತ್ತ ಜೀವಿಗಳ ಚೂರು, ಹಿಕ್ಕೆ, ಲೋಳೆ ಇವನ್ನೆಲ್ಲ ನೂಲಿನಂಥ ಎರಡು ಎಳೆಗಳಿಂದ ಹಿಡಿದು ಉಂಡೆ ಕಟ್ಟಿ ತಿನ್ನುತ್ತದೆ. ಆಳದ ಬಹುಪಾಲು ಊಟ ಹೀಗೆ ಮೇಲಿನವರ ಎಂಜಲೇ.

ಮದೀನಾ ಹೋಟೆಲಿನ ಚೌಕ ದಾಟಿ ನಯಾಪೂಲ್ ಸೇತುವೆಯ ಮೇಲೆ ನಿಂತಾಗ ನಕ್ಷೆ ಒಂದು ಕಿಲೋಮೀಟರ್ ಎಂದಿತು. 1,000 ಮೀಟರ್. ಇಲ್ಲಿಗೆ ಸೂರ್ಯನ ಕೊನೆಯ ಕಿರಣವೂ ಮುಗಿಯಿತು. ಕೆಳಗೆ ಮೂಸಿ, ನದಿಯೆನ್ನಲು ಮನಸ್ಸು ಹಿಂಜರಿಯುವಂಥ ಕಪ್ಪು ನೀರು. ಇದೇ ಮೂಸಿ 1908ರ ಸೆಪ್ಟೆಂಬರ್‌ನಲ್ಲಿ ಉಕ್ಕಿ ಸಾವಿರಾರು ಜನರನ್ನು ಒಯ್ದಿತ್ತು. ಮತ್ತೆ ಹಾಗಾಗದಂತೆ ದಾರಿ ತೋರಿಸಲು ನಿಜಾಮರು ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಜಲಾಶಯಗಳು ಅವರ ಯೋಜನೆಯ ಫಲ. ಮೂಸಿ ಮುಂದೆ ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇದನ್ನು ನೆನಪಿಡಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ಕತ್ತಲೆಂದರೆ ಇಲ್ಲಿ ಪೂರಾ ಕತ್ತಲಲ್ಲ. ಬಹುತೇಕ ಜೀವಿಗಳು ತಮ್ಮ ಬೆಳಕನ್ನು ತಾವೇ ಮಾಡಿಕೊಳ್ಳುತ್ತವೆ, ಅದೂ ಹೆಚ್ಚಾಗಿ ನೀಲಿ. ಕಣ್ಣುಗಳೂ ನೀಲಿಗೇ ಒಗ್ಗಿದವು. ಈ ಒಪ್ಪಂದವನ್ನು ಮುರಿದ ಕಿಲಾಡಿಗಳಲ್ಲೊಂದು ಮ್ಯಾಲಕೊಸ್ಟಿಯಸ್ ಎಂಬ ಕರಿಮೀನು. ಅದರ ಕಣ್ಣಿನ ಕೆಳಗೆ ಕೆಂಪು ದೀಪವಿದೆ. ಕೆಂಪನ್ನು ಕಾಣಲು ಅದು ಮಾಡಿಕೊಂಡ ಉಪಾಯ ಇನ್ನೂ ವಿಚಿತ್ರ: ಹಸಿರೆಲೆಯ ಕ್ಲೋರೋಫಿಲ್‌ನ ಬಳಗದ ಬಣ್ಣದಿಂದ ಹುಟ್ಟಿದ ವಸ್ತುವೊಂದು ಅದರ ಕಣ್ಣಿನ ಪರದೆಯಲ್ಲಿದೆ. ಬಿಸಿಲನ್ನೇ ಕಾಣದ ಮೀನು ಬಿಸಿಲು ಹಿಡಿಯುವ ಬಣ್ಣದ ತುಣುಕಿನಿಂದ ನೋಡುತ್ತದೆ! ತಾನು ಕತ್ತಲಲ್ಲಿ ಕರಗಿದ್ದೇನೆಂದು ನಂಬಿ ಕೂತ ಕೆಂಪು ಸಿಗಡಿ ಇದರ ಎದುರು ಬಟಾಬಯಲು.

ಇದೇ ನೆರೆಹೊರೆಯಲ್ಲಿ ಗಾಳದ ಮೀನು, ಆಂಗ್ಲರ್. ಹೆಣ್ಣಿನ ಹಣೆಯಿಂದ ಒಂದು ಕೋಲು ಚಾಚಿದೆ, ತುದಿಯಲ್ಲಿ ಹೊಳೆಯುವ ಬ್ಯಾಕ್ಟೀರಿಯಾಗಳ ಬುರುಡೆ. 1922ರಲ್ಲಿ ಐಸ್‌ಲೆಂಡಿನ ಬ್ಯಾರ್ನಿ ಸೇಮುಂಡ್ಸನ್ ಒಂದು ದೊಡ್ಡ ಹೆಣ್ಣಿನ ಹೊಟ್ಟೆಗೆ ಎರಡು ಪುಟ್ಟ ಮೀನುಗಳು ಅಂಟಿರುವುದನ್ನು ಕಂಡು ಮರಿಗಳಿರಬೇಕೆಂದು ಬರೆದರು. 1925ರಲ್ಲಿ ಟೇಟ್ ರೀಗನ್ ಎಂಬ ಇಂಗ್ಲಿಷ್ ವಿಜ್ಞಾನಿ ಹಾಗೆ ಅಂಟಿದ್ದ ಇನ್ನೊಂದು ಪುಟ್ಟ ಮೀನನ್ನು ಕೊಯ್ದು ನೋಡಿದರೆ ಅದು ಗಂಡು! ಕತ್ತಲಲ್ಲಿ ಜೊತೆಗಾತಿ ಸಿಕ್ಕರೆ ಗಂಡು ಕಚ್ಚಿ ಹಿಡಿಯುತ್ತದೆ. ಚರ್ಮಕ್ಕೆ ಚರ್ಮ, ರಕ್ತನಾಳಕ್ಕೆ ರಕ್ತನಾಳ ಬೆಸೆದು ಅವಳ ಮೈಯ ಭಾಗವೇ ಆಗುತ್ತದೆ. ಪರಕೀಯ ಅಂಗವನ್ನು ಹೆಣ್ಣಿನ ದೇಹ ಹೇಗೆ ಸಹಿಸುತ್ತದೆ ಎಂಬುದಕ್ಕೆ 2020ರಲ್ಲಿ ಉತ್ತರ ಸಿಕ್ಕಿತು. ಹೀಗೆ ಬೆಸೆಯುವ ಜಾತಿಗಳು ರೋಗನಿರೋಧಕ ವ್ಯವಸ್ಥೆಯ ಮುಖ್ಯ ಜೀನ್‌ಗಳನ್ನೇ ಕಳೆದುಕೊಂಡಿವೆ. ಅಂಗ ಕಸಿಯ ವೈದ್ಯರು ನಿಬ್ಬೆರಗಾಗಬೇಕಾದ ದಾಂಪತ್ಯ. ಹುಡುಗಿಗೆ ಇದನ್ನು ಹೇಳಿದೆ. “ಥೋ, ಅಷ್ಟೊಂದು ಅಂಟಿಕೊಳ್ಳೂ ಗಂಡ ಬ್ಯಾಡ್ರಿ ಮಾಮಾ” ಎಂದಳು.

ಅಫ್ಜಲ್‌ಗಂಜ್ ದಾಟಿ ಬೇಗಂ ಬಜಾರಿನ ಮೀನು ಮಾರ್ಕೆಟ್ಟಿಗೆ ಹೊರಳಿದೆವು. ಚಾರ್ಮಿನಾರ್‌ನಿಂದ ನೇರಕ್ಕೆ 1,700 ಮೀಟರಿನ ಆಸುಪಾಸು. ಒಂದು ಕಡೆ ಕೊರಮೀನು, ರವು, ಕಾಟ್ಲಾ. ಇನ್ನೊಂದು ಕಡೆ ಐಸಿನ ಮೇಲೆ ಮಲಗಿದ ವಂಜರಂ, ಅಂದರೆ ನಮ್ಮ ಕರಾವಳಿಯ ಅಂಜಲ್. ಎರಡರ ನಡುವೆ ನಿಂತು ಮೂಗರಳಿಸಿದೆ. ಮಾರುವಾಕೆ ನನ್ನ ಅವಸ್ಥೆ ನೋಡಿ ಕೈತೋರಿಸಿ, “ಇದಿ ಸಮುದ್ರಂದಿ, ಅದಿ ಚೆರುವುದಿ” ಎಂದಳು. ಇದು ಕಡಲಿನದು, ಅದು ಕೆರೆಯದು. ಅವಳು ಹೇಳುವ ಮೊದಲೇ ಮೂಗು ಹೇಳಿತ್ತು. ಕಡಲ ಮೀನಿಗೆ ಮಾತ್ರ ಆ ಗಾಢವಾದ ನಾತ.

ಆ ನಾತದಲ್ಲಿ ಆಳದ ಕೀಲಿಕೈ ಇದೆ. ಕಡಲ ಮೀನಿನ ಮೈಯಲ್ಲಿ ಟಿಎಂಎಒ ಎಂಬ ರಾಸಾಯನಿಕವಿರುತ್ತದೆ; ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹೊಮ್ಮುವುದೇ ಮೀನು ನಾತ. ಕೆರೆಯ ಮೀನಿನಲ್ಲಿ ಅದು ಅತ್ಯಲ್ಪ. ಬದುಕಿದ್ದಾಗ ಅದರ ಕೆಲಸವೇ ಬೇರೆ. ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 6,000 ಮೀಟರಿನಲ್ಲಿ ಉಗುರಿನಷ್ಟು ಜಾಗದ ಮೇಲೆ ಆರು ಕ್ವಿಂಟಲ್ ಭಾರ. ಅಲ್ಲಿ ಜೀವಕೋಶದ ಪ್ರೋಟೀನುಗಳೇ ಆಕಾರಗೆಡುತ್ತವೆ. ಟಿಎಂಎಒ ಅವನ್ನು ಆಕಾರದಲ್ಲಿ ಹಿಡಿದಿಡುತ್ತದೆ. ಆಳ ಹೆಚ್ಚಿದಂತೆ ಮೀನಿನ ಮೈಯಲ್ಲಿ ಅದರ ಪ್ರಮಾಣವೂ ಹೆಚ್ಚು.

ನಾವು ನಿಂತ 1,700 ಮೀಟರಿನ ಆಸುಪಾಸಿನ ಇನ್ನೊಂದು ಸಂಗತಿ ನಮ್ಮ ನದಿಗಳಿಗೆ ಸೇರಿದ್ದು. 2018ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ‘ಸಿಂಧು ಸಾಧನ’ ಹಡಗಿನಲ್ಲಿ ಹೋಗಿ ಕೃಷ್ಣಾ-ಗೋದಾವರಿ ಕೊಳ್ಳದ ಎದುರಿನ ಕಡಲ ತಳದಲ್ಲಿ, ಸುಮಾರು 1,750 ಮೀಟರ್ ಆಳದಲ್ಲಿ, ಮೀಥೇನ್ ಅನಿಲ ಜಿನುಗುವ ಜಾಗವೊಂದನ್ನು ಪತ್ತೆಹಚ್ಚಿದರು. ಅದರ ಸುತ್ತ ಬಿಸಿಲಿನ ಹಂಗೇ ಇಲ್ಲದ ಸಂಸಾರ. ಮೀಥೇನ್ ತಿನ್ನುವ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕಪ್ಪೆಚಿಪ್ಪಿನ ಕಿವಿರಿನಲ್ಲಿ ಬಿಡಾರ ಹೂಡಿದ ಬ್ಯಾಕ್ಟೀರಿಯಾ ಅದರಿಂದ ಅಡುಗೆ ಮಾಡಿ ತಾನೂ ಉಂಡು ಮನೆಯೊಡೆಯನಿಗೂ ಬಡಿಸುತ್ತದೆ.

ಈ ಮೀಥೇನ್ ಎಲ್ಲಿಯದು? ನದಿಗಳು ಯುಗಗಳಿಂದ ತಂದು ಸುರಿದ ಮಣ್ಣಿನಲ್ಲಿ ಹೂತುಹೋದ ಎಲೆ, ಬೇರು, ಸತ್ತ ಜೀವಿಗಳನ್ನು ಸೂಕ್ಷ್ಮಜೀವಿಗಳು ಕೊಳೆಸಿದಾಗ ಹುಟ್ಟಿದ್ದು. 2006ರಲ್ಲಿ ಇದೇ ಕೊಳ್ಳದಲ್ಲಿ ಕೊರೆದಾಗ 128 ಮೀಟರ್ ದಪ್ಪದ ಮೀಥೇನ್ ಹೈಡ್ರೇಟ್ ನಿಕ್ಷೇಪ, ಅಂದರೆ ಅನಿಲವನ್ನು ಒಳಗೆ ಹಿಡಿದ ಮಂಜುಗಡ್ಡೆ, ಸಿಕ್ಕಿತ್ತು. ಇಂಥ ನಿಕ್ಷೇಪಗಳ ಸುಳಿವನ್ನು ಕಂಪನದ ಅಲೆಗಳಲ್ಲಿ ಹುಡುಕುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಇರುವುದೂ ಇದೇ ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿ. ಈಗ ನದಿಗಳ ಹೆಸರು ಹೇಳಿ ನೋಡಿ: ಕೃಷ್ಣೆಗೆ ಮಲಪ್ರಭೆ, ಘಟಪ್ರಭೆ, ಭೀಮೆ, ತುಂಗಭದ್ರೆ, ಮೂಸಿ, ಗೋದಾವರಿಗೆ ಬೀದರಿನ ಮಾಂಜ್ರಾ. ವಿಜಯಪುರದ ಎರೆಹೊಲದ ಮಣ್ಣು, ಶೃಂಗೇರಿಯ ಕಾಡಿನ ಎಲೆ, ಕಲಬುರಗಿಯ ಹಳ್ಳದ ಕೆಸರು ಎಲ್ಲ ಅದೇ ದಾರಿ ಹಿಡಿದವು. ಸೂರ್ಯನನ್ನೇ ಕಾಣದ ಆ ಚಿಪ್ಪಿನ ಜೀವಿಯ ಮನೆಯ ದಿನಸಿಯಲ್ಲಿ ನಮ್ಮ ಪಾಲೂ ಇದೆ ಎಂದು ಹೊಳೆದಾಗ ಆ ಗದ್ದಲದ ಮಾರ್ಕೆಟ್ಟಿನಲ್ಲಿ ನನಗೆ ಮೈ ಜುಮ್ಮೆಂದಿತು. “ಅಂದ್ರ ನಮ್ಮೂರ ಹಳ್ಳದ ನೀರು ಅಲ್ಲೀಮಟ ಹೋಗ್ಯದ” ಎಂದು ಹುಡುಗಿ ತನಗೆ ತಾನೇ ಹೇಳಿಕೊಂಡಳು.

ಎರಡೂವರೆ ಕಿಲೋಮೀಟರಿಗೆ ಮೊಅಜ್ಜಂ ಜಾಹಿ ಮಾರ್ಕೆಟ್. ಆರ್ಗೋ ಫ್ಲೋಟಿನ ಮಿತಿಯನ್ನು ಹಿಂದೆ ಬಿಟ್ಟಿದ್ದೆವು. ಹಣ್ಣಿನ ಐಸ್‌ಕ್ರೀಮ್ ತಿನ್ನುತ್ತ ಬಿಸಿನೀರಿನ ಮಾತು. 1977ರಲ್ಲಿ ಗ್ಯಾಲಪಗೋಸ್ ಬಳಿ ಸುಮಾರು ಇಷ್ಟೇ ಆಳದಲ್ಲಿ ‘ಆಲ್ವಿನ್’ ನೌಕೆಯಲ್ಲಿ ಇಳಿದವರು ಸಮುದ್ರ ತಳದ ಬಿಸಿನೀರ ಬುಗ್ಗೆಗಳನ್ನೂ ಅವುಗಳ ಸುತ್ತ ಕಿಕ್ಕಿರಿದ ಜೀವಿಗಳನ್ನೂ ಕಂಡು ದಂಗಾದರು. ನಮ್ಮ ಸಾಗರದಲ್ಲೂ ಅವು ಇವೆ. 2000ದಲ್ಲಿ ಜಪಾನಿಗರು ಮಧ್ಯ ಹಿಂದೂ ಮಹಾಸಾಗರದ ಪರ್ವತಸಾಲಿನಲ್ಲಿ ಕೈರೇ ಎಂಬ ಬುಗ್ಗೆಗಳ ತಾಣ ಹುಡುಕಿದರು. ಮರುವರ್ಷ ಅಲ್ಲಿ ಒಂದು ಬಸವನಹುಳು ಸಿಕ್ಕಿತು. ಅದರ ಪಾದದ ತುಂಬ ಒಂದರ ಮೇಲೊಂದು ಹೊದಿಸಿದ ಹುರುಪೆಗಳು, ಆ ಹುರುಪೆಗಳ ಮೇಲೆ ಕಬ್ಬಿಣದ ಸಲ್ಫೈಡಿನ ಲೇಪ. ಚಿಪ್ಪಿನ ಹೊರಪದರವೂ ಕಬ್ಬಿಣದ್ದೇ. ಮೂಸಿಯ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ನವಾಬರ ಕಾಲದ ಉಕ್ಕಿನ ಕವಚಗಳನ್ನು ನೋಡಿದ್ದೇನೆ. ಜೀವಂತ ಪ್ರಾಣಿಯೊಂದು ತನ್ನ ಮೈಯಿಂದಲೇ ಕಬ್ಬಿಣದ ಅಂಗಿ ತೊಟ್ಟದ್ದು ಇದೊಂದೇ. ಇದು ಬಾಯಿಂದ ಉಣ್ಣುವುದೂ ಇಲ್ಲವೆನ್ನಬೇಕು. ಗಂಟಲಿನ ಗ್ರಂಥಿಯಲ್ಲಿರುವ ಬ್ಯಾಕ್ಟೀರಿಯಾಗಳೇ ಸಾಕಿಕೊಳ್ಳುತ್ತವೆ. ಇದರ ವಾಸ ಬೆರಳೆಣಿಕೆಯ ಬುಗ್ಗೆಗಳಲ್ಲಿ ಮಾತ್ರ. ಅಲ್ಲಿ ಲೋಹದ ಅದಿರು ಇರುವುದರಿಂದ ಗಣಿಯ ಕಣ್ಣೂ ಬಿದ್ದಿದೆ. 2019ರಲ್ಲಿ ಇದು ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಗೆ ಸೇರಿತು, ಆಳಸಮುದ್ರದ ಗಣಿಗಾರಿಕೆಯ ಭಯದಿಂದ ಸೇರಿದ ಮೊದಲ ಜೀವಿ.

ಆಬಿಡ್ಸ್‌ನಿಂದ ನೌಬತ್ ಪಹಾಡದವರೆಗಿನ ದಾರಿ ಸಮುದ್ರದ ಲೆಕ್ಕದಲ್ಲಿ ದೊಡ್ಡ ಬಯಲು. ಕೊನೆ ಮೊದಲಿಲ್ಲದ ಕೆಸರಿನ ಮೈದಾನ, ಅದರ ಮೇಲೆ ನಿಧಾನವಾಗಿ ಕೆಸರುಣ್ಣುತ್ತ ಸಾಗುವ ಕಡಲ ಸೌತೆಗಳು. ಬಿರ್ಲಾ ಮಂದಿರದ ಮೆಟ್ಟಿಲ ಮೇಲೆ ಕೂತಾಗ ಐದು ಕಿಲೋಮೀಟರ್. 2025ರ ಆಗಸ್ಟ್‌ನಲ್ಲಿ ಇಬ್ಬರು ಭಾರತೀಯರು ‘ನಾಟೀಲ್’ ಎಂಬ ಫ್ರೆಂಚ್ ನೌಕೆಯಲ್ಲಿ ಅಟ್ಲಾಂಟಿಕ್‌ನೊಳಕ್ಕೆ ಇಳಿದರು. ಒಬ್ಬರು 4,025 ಮೀಟರ್, ಇನ್ನೊಬ್ಬರು 5,002 ಮೀಟರ್. ಮಧ್ಯ ಹಿಂದೂ ಮಹಾಸಾಗರದ ಇಂಥದೇ ಆಳದ ಬಯಲಿನಲ್ಲಿ ಆಲೂಗಡ್ಡೆ ಗಾತ್ರದ ಲೋಹದ ಗಂಟುಗಳು ಹರಡಿವೆ: ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್. 75,000 ಚದರ ಕಿಲೋಮೀಟರ್ ಜಾಗದಲ್ಲಿ ಅವನ್ನು ಅನ್ವೇಷಿಸುವ ಹಕ್ಕು ಭಾರತಕ್ಕಿದೆ. ಒಂದು ಗಂಟು ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಮೆತ್ತನೆಯ ಕೆಸರಿನಲ್ಲಿ ಕಾಲೂರಲು ಗಟ್ಟಿ ಜಾಗ ಅದೊಂದೇ ಆದ್ದರಿಂದ ಎಷ್ಟೋ ಜೀವಿಗಳಿಗೆ ಅದೇ ಮನೆ. ಅದಿರು ಎತ್ತಿದರೆ ಮನೆಯನ್ನೂ ಎತ್ತಿದಂತೆ.

ಆರು ಕಿಲೋಮೀಟರಿಗೆ ಹುಸೇನ್ ಸಾಗರದ ನಡುವಿನ ಬುದ್ಧ ಸಿಗುತ್ತಾನೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ‘ಮತ್ಸ್ಯ 6000’ ಮುಟ್ಟಬೇಕಾದ ಆಳ ಇದೇ. ಮೂವರು ಕೂರುವ 2.1 ಮೀಟರ್ ವ್ಯಾಸದ ಗೋಳ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಡೆ, ಹನ್ನೆರಡು ಗಂಟೆಯ ಕೆಲಸ, ಆಪತ್ತಿಗೆಂದು 96 ಗಂಟೆಯ ಉಸಿರು. ಇಷ್ಟೆಲ್ಲ ಯಾಕೆಂದು ಕೇಳುವವರಿಗೆ ಎದುರಿಗಿರುವ ಬುದ್ಧನೇ ಉತ್ತರ. 1990ರ ಮಾರ್ಚ್ 10ರಂದು ಈ ಏಕಶಿಲಾ ವಿಗ್ರಹವನ್ನು ತೆಪ್ಪದ ಮೇಲೆ ಸಾಗಿಸುವಾಗ ಅದು ಜಾರಿ ಕೆರೆಯಲ್ಲಿ ಮುಳುಗಿತು, ಹಲವರು ಪ್ರಾಣ ಕಳೆದುಕೊಂಡರು. ಸುಮಾರು ಹತ್ತು ಮೀಟರ್ ಆಳದ ಕೆರೆಯಿಂದ ಬುದ್ಧನನ್ನು ಮೇಲೆತ್ತಿದ್ದು 1992ರ ಡಿಸೆಂಬರ್ 1ರಂದು. ಹತ್ತು ಮೀಟರ್ ನೀರೇ ಇಷ್ಟು ಕಾಡಿದರೆ ಆರು ಸಾವಿರ ಮೀಟರ್?

ಟ್ಯಾಂಕ್ ಬಂಡ್ ಮೇಲಿನ ಪ್ರತಿಮೆಗಳಲ್ಲಿ ಬಳ್ಳಾರಿ ರಾಘವರಿಗೆ ಕೈಮುಗಿದೆ. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್ ಕೂಡ ಈ ಸಾಲಿನಲ್ಲಿದ್ದಾನೆ. ಈಗ ಕೃಷ್ಣಾ ಗೋದಾವರಿಗಳ ಮಣ್ಣಿನ ದೊಡ್ಡ ಪಾಲು ಜಲಾಶಯಗಳಲ್ಲೇ ಹೂಳಾಗಿ ನಿಲ್ಲುತ್ತದೆ. ಮತ್ತೆ ಆಳದ ಲೆಕ್ಕಕ್ಕೆ ಬಂದರೆ, ಹಿಂದೂ ಮಹಾಸಾಗರದ ಅತಿ ಆಳದ ಜಾಗ ಜಾವಾ ಕಂದಕ, ಸುಮಾರು 7,200 ಮೀಟರ್. ಹಾಗಾಗಿ ನಮ್ಮ ಸಾಗರ ಈ ಬಂಡ್ ಮೇಲೆಯೇ ಮುಗಿಯಿತು. ಇನ್ನು ಮುಂದಿನದು ಪೆಸಿಫಿಕ್.

ಸಿಕಂದರಾಬಾದ್ ಸ್ಟೇಷನ್ನಿನ ಗಜಿಬಿಜಿಯಲ್ಲಿ ನಡಿಗೆ ನಿಂತಿತು. 2022ರಲ್ಲಿ ಜಪಾನಿನ ಇಜು-ಒಗಸವಾರ ಕಂದಕದಲ್ಲಿ 8,336 ಮೀಟರಿಗೆ ಇಳಿಬಿಟ್ಟ ಕ್ಯಾಮರಾಕ್ಕೆ ಒಂದು ಸ್ನೇಲ್‌ಫಿಶ್ ಸಿಕ್ಕಿತು. ಸೂಜಿಹಲ್ಲಿನ ರಾಕ್ಷಸ ಇರಬೇಕೆಂದುಕೊಂಡರೆ ಇದು ನಸುಬಿಳುಪಿನ, ಹುರುಪೆಯಿಲ್ಲದ, ಲೋಳೆಯಂತೆ ಮೆತ್ತಗಿನ ಮರಿಮೀನು. ಗಾಳಿಚೀಲವಿಲ್ಲ, ಒತ್ತಡಕ್ಕೆ ಕುಸಿಯಲು ಅದರೊಳಗೆ ಪೊಳ್ಳು ಜಾಗವೇ ಇಲ್ಲ. ಎದುರು ನಿಲ್ಲುವ ಗೊಡವೆಗೆ ಹೋಗದೆ ಅದು ಭಾರವನ್ನು ಒಳಗೂ ಹೊರಗೂ ಒಂದೇ ಮಾಡಿಕೊಂಡಿದೆ. ಅದಕ್ಕೂ ಒಂದು ಗಡಿ ಇದೆ. ಸುಮಾರು 8,200 ಮೀಟರಿನ ಕೆಳಗೆ ಮೀನು ಬದುಕಲು ಬೇಕಾದ ಟಿಎಂಎಒ ಎಷ್ಟೆಂದರೆ ಮೈಯೊಳಗಿನ ದ್ರವ ಸಮುದ್ರಕ್ಕಿಂತ ಗಾಢವಾಗಿ ನೀರು ಒಳನುಗ್ಗುತ್ತದೆ ಎಂದು 2014ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಕ್ಯಾಮರಾ ಕಂಡ ಗಡಿ ಅದಕ್ಕೆ ಹೆಚ್ಚೂಕಡಿಮೆ ಸರಿಹೋಯಿತು. ಬೇಗಂ ಬಜಾರಿನಲ್ಲಿ ಮೂಗಿಗೆ ಬಡಿದ ವಸ್ತುವೇ ಮೀನಿನ ಲೋಕದ ಗಡಿಕಲ್ಲನ್ನೂ ನೆಟ್ಟಿದೆ.

ಮೀನು ಹೋಗಲಾರದ ಕಡೆಗೂ ನಮ್ಮ ಸಾಮಾನು ಹೋಗಿದೆ. ಮರಿಯಾನಾ ಕಂದಕದ 10,898 ಮೀಟರ್ ಆಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಂಡಿದೆ. ಅದೇ ಕಂದಕದ ಸಿಗಡಿಯಂಥ ಹೊಸ ಜೀವಿಯೊಂದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ದರಿಂದ 2020ರಲ್ಲಿ ಅದಕ್ಕೆ ಯುರಿಥೀನಿಸ್ ಪ್ಲಾಸ್ಟಿಕಸ್ ಎಂದೇ ಹೆಸರಿಟ್ಟರು. ಕಡಲ ಚಿಪ್ಪಿಗೆ ಊಟ ಕಳಿಸುತ್ತಿದ್ದ ನದಿಗಳ ಮಣ್ಣನ್ನು ನಾವು ತಡೆದು ನಿಲ್ಲಿಸಿದ್ದೇವೆ. ಚೀಲ, ಬಾಟಲಿಗಳಿಗೆ ಮಾತ್ರ ದಾರಿ ಬಿಟ್ಟಿದ್ದೇವೆ. ಆಳದವರ ಜೊತೆ ನಮ್ಮ ಬಳಕೆ ಯಾವತ್ತಿನದೋ. ಪರಿಚಯವಷ್ಟೇ ಈಗ ಆಗುತ್ತಿರುವುದು.

ಬಿರಿಯಾನಿಗೆಂದು ಹೈದರಾಬಾದಿಗೆ ಹೋಗುವವರು ಒಂದು ಬೆಳಿಗ್ಗೆ ಈ ದಾರಿಯಲ್ಲಿ ನಡೆದು ನೋಡಿ. ಅಷ್ಟು ನಡೆದರೂ ಕಂಡದ್ದು ಒಂದೇ ಒಂದು ಗೆರೆ ಎಂಬುದು ನೆನಪಿರಲಿ. 200 ಮೀಟರಿಗಿಂತ ಆಳದ ಕಡಲ ತಳದಲ್ಲಿ ಮನುಷ್ಯನ ಕಣ್ಣಿಗೋ ಕ್ಯಾಮರಾಕ್ಕೋ ಬಿದ್ದಿರುವ ಭಾಗ ಶೇಕಡ 0.001ಕ್ಕಿಂತ ಕಡಿಮೆ ಎಂದು 2025ರಲ್ಲಿ ಒಂದು ಅಧ್ಯಯನ ಲೆಕ್ಕ ಹಾಕಿದೆ. ಇಡೀ ಭೂಮಿಯ ಆಳದ ನೆಲದಲ್ಲಿ ನಾವು ನೋಡಿರುವುದನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಕೊಡಗು ಜಿಲ್ಲೆಯಷ್ಟಾಗುವುದಿಲ್ಲ. ಕಬ್ಬಿಣದ ಬಸವನಹುಳು, ಕೆಂಪು ದೀಪದ ಮೀನು, ಮೀಥೇನ್ ಅನ್ನದ ಕಪ್ಪೆಚಿಪ್ಪು, ಇವೆಲ್ಲ ಅಷ್ಟು ಚಿಕ್ಕ ಜಾಗದಲ್ಲೇ, ಇಲ್ಲವೇ ಆಳಕ್ಕೆ ಕುರುಡಾಗಿ ಬಿಟ್ಟ ಬಲೆಗಳಲ್ಲೇ ನಮಗೆ ಸಿಕ್ಕವು.